ಹೃದಯ ವೈಫಲ್ಯದಲ್ಲಿ ವ್ಯಾಯಾಮ ಚಿಕಿತ್ಸೆ

ಹೃದಯ ವೈಫಲ್ಯದಲ್ಲಿ ವ್ಯಾಯಾಮ ಚಿಕಿತ್ಸೆ ಎಂಬುದು ದೀರ್ಘಕಾಲದ ಹೃದಯ ವೈಫಲ್ಯವುಳ್ಳವರಿಗೆ ವೈದ್ಯರ ಮೇಲ್ವಿಚಾರಣೆಯಲ್ಲಿ ನೀಡುವ ಕ್ರಮಬದ್ಧ ದೈಹಿಕ ತರಬೇತಿಯಾಗಿದೆ. ಹೃದಯ ವೈಫಲ್ಯವೆಂದರೆ ಹೃದಯವು ನಿಂತುಹೋಗುವುದಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಪಂಪು ಮಾಡುವ ಅದರ ಶಕ್ತಿ ಕುಂದುವುದು. ಏದುಸಿರು, ಆಯಾಸ ಮತ್ತು ಕಾಲುಗಳ ಊತ ಇದರ ಮುಖ್ಯ ಲಕ್ಷಣಗಳು.

ಹಿನ್ನೆಲೆ

ಇಪ್ಪತ್ತನೆಯ ಶತಮಾನದ ಬಹುಕಾಲ ಇಂತಹ ರೋಗಿಗಳಿಗೆ ವಿಶ್ರಾಂತಿಯನ್ನೇ ವಿಧಿಸಲಾಗುತ್ತಿತ್ತು. ಆದರೆ ದೀರ್ಘ ವಿಶ್ರಾಂತಿಯಿಂದ ಸ್ನಾಯುಗಳು ಕ್ಷೀಣಿಸಿ, ಅಲ್ಪ ಶ್ರಮಕ್ಕೂ ದಣಿವಾಗುತ್ತದೆ. ದಣಿವಿಗೆ ಅಂಜಿದ ರೋಗಿಯ ಚಲನವಲನ ಮತ್ತಷ್ಟು ಕುಗ್ಗುತ್ತದೆ. ಈ ವಿಷವರ್ತುಲವನ್ನು ಮುರಿಯುವುದೇ ವ್ಯಾಯಾಮದ ಉದ್ದೇಶ. ತರಬೇತಿಯಿಂದ ಸ್ನಾಯುಗಳು ಆಮ್ಲಜನಕವನ್ನು ಬಳಸಿಕೊಳ್ಳುವ ಸಾಮರ್ಥ್ಯ ಹೆಚ್ಚುತ್ತದೆ, ರಕ್ತನಾಳಗಳು ಹಿಗ್ಗುವ ಗುಣ ಸುಧಾರಿಸುತ್ತದೆ.

ವಿಧಾನ

ರೋಗ ಸ್ಥಿರವಾಗಿರುವವರಿಗೆ ಮಾತ್ರ ಈ ತರಬೇತಿ ಸೂಕ್ತ. ಮೊದಲು 6 ನಿಮಿಷಗಳಲ್ಲಿ ರೋಗಿ ಎಷ್ಟು ದೂರ ನಡೆಯಬಲ್ಲರೆಂದು ಅಳೆಯುವುದುಂಟು. ಬಳಿಕ ನಡಿಗೆ ಅಥವಾ ನಿಂತಲ್ಲೇ ತುಳಿಯುವ ಸೈಕಲ್ಲನ್ನು ಕೆಲವೇ ನಿಮಿಷಗಳಿಂದ ಆರಂಭಿಸಿ, ಅವಧಿಯನ್ನು ಕ್ರಮೇಣ ಹೆಚ್ಚಿಸಲಾಗುತ್ತದೆ. ವ್ಯಾಯಾಮದ ನಡುವೆ ಮಾತನಾಡಲು ಸಾಧ್ಯವಾಗುವಂತಿರಬೇಕು.

ಪರಿಣಾಮ

2009ರಲ್ಲಿ ಪ್ರಕಟವಾದ ಎಚ್‌ಎಫ್-ಆಕ್ಷನ್ ಅಧ್ಯಯನದಲ್ಲಿ ಅಮೆರಿಕ, ಕೆನಡಾ ಮತ್ತು ಫ್ರಾನ್ಸ್‌ಗಳ 2,331 ರೋಗಿಗಳು ಭಾಗವಹಿಸಿದ್ದರು. ವ್ಯಾಯಾಮವು ಸುರಕ್ಷಿತವೆಂದೂ ಜೀವನದ ಗುಣಮಟ್ಟವನ್ನು ಸ್ವಲ್ಪಮಟ್ಟಿಗೆ ಉತ್ತಮಪಡಿಸುತ್ತದೆಂದೂ ಅದು ತೋರಿಸಿತು. ಆದರೆ ಸಾವು ಮತ್ತು ಆಸ್ಪತ್ರೆ ದಾಖಲಾತಿಗಳ ಒಟ್ಟು ಪ್ರಮಾಣದಲ್ಲಿ ಕಂಡ ಇಳಿಕೆಯು ಮೂಲ ವಿಶ್ಲೇಷಣೆಯಲ್ಲಿ ಖಚಿತವಾಗಲಿಲ್ಲ. ಆದ್ದರಿಂದ ವ್ಯಾಯಾಮವು ಔಷಧಕ್ಕೆ ಪೂರಕವೇ ಹೊರತು ಪರ್ಯಾಯವಲ್ಲ.

ಎಚ್ಚರಿಕೆ

ಎದೆನೋವು, ತಲೆಸುತ್ತು, ಕುಳಿತಿದ್ದಾಗಲೂ ಏದುಸಿರು ಅಥವಾ ಕೆಲವೇ ದಿನಗಳಲ್ಲಿ ದೇಹತೂಕದ ಏರಿಕೆ ಕಂಡುಬಂದರೆ ವ್ಯಾಯಾಮವನ್ನು ನಿಲ್ಲಿಸಿ ತಕ್ಷಣ ವೈದ್ಯರನ್ನು ಕಾಣಬೇಕು.