ಹಳೆಯ ಕದಕ್ಕೆ ಹೊಸ ಬೀಗ

1898ರಲ್ಲಿ ಬೆಂಗಳೂರಿಗೆ ಬಂದೆರಗಿದ ಪ್ಲೇಗಿನ ತರುವಾಯ, ಪೇಟೆಯ ಇಕ್ಕಟ್ಟಾದ ಬೀದಿಗಳನ್ನು ತೊರೆದು ಗಾಳಿ ಬೆಳಕುಗಳನ್ನು ಅರಸಿ ಹೊರಟ ಸಂಸಾರಗಳಿಗೆ ನೆಲೆಯಾದ ಬಸವನಗುಡಿ ಮಲ್ಲೇಶ್ವರಗಳಲ್ಲಿ, ಬಹುಮಹಡಿ ಕಟ್ಟಡಗಳ ನಡುವೆ ಹೇಗೋ ಉಳಿದು ಬಂದಿರುವ ಹಳೆಯ ಮನೆಗಳು ಇನ್ನೂ ಕೆಲವುಂಟು. ಅವುಗಳ ಮುಂದೆ ನಿಂತವರ ದೃಷ್ಟಿ ಸಾಮಾನ್ಯವಾಗಿ ಹೆಂಚಿನ ಮಾಡಿನ ಮೇಲೋ ಜಗಲಿಯ ಕಂಬಗಳ ಮೇಲೋ ನೆಲೆಸುವುದಾದರೂ, ಮರದ ಕೆಲಸವನ್ನು ಬಲ್ಲವರು ಮೊದಲು ನೋಡುವುದು ತಲೆಬಾಗಿಲನ್ನು. ತೇಗದಿಂದಲೋ, ಅಷ್ಟು ಅನುಕೂಲವಿಲ್ಲದವರ ಮನೆಯಾದರೆ ಮತ್ತಿ, ಹೊನ್ನೆ, ಹಲಸುಗಳಿಂದಲೋ ಮಾಡಿದ ಆ ಜೋಡಿ ಕದಗಳು, ಗಾರೆಯಿಂದ ಕಟ್ಟಿದ ದಪ್ಪ ಗೋಡೆಯೊಳಗೆ ಹುದುಗಿದ ಬಾಗಿಲುವಾಡ, ಅರಿಶಿನದಿಂದ ಹೊಳಪೇರಿದ ಹೊಸ್ತಿಲು, ಇವೆಲ್ಲವೂ ಇಂದು ಹಣ ಕೊಟ್ಟರೂ ಸುಲಭವಾಗಿ ದೊರೆಯತಕ್ಕ ವಸ್ತುಗಳಲ್ಲ. ಅಂತಹ ಬಾಗಿಲಿಗೆ ಈ ಕಾಲಕ್ಕೆ ತಕ್ಕ ಬೀಗವನ್ನು ಅಳವಡಿಸುವುದು ಒಂದು ಪ್ರತ್ಯೇಕ ಕುಶಲವಿದ್ಯೆ. ಅದನ್ನು ಬಲ್ಲ ಬಡಗಿಗಳು ದಿನೇ ದಿನೇ ವಿರಳವಾಗುತ್ತಿರುವುದರಿಂದ ಆ ವಿದ್ಯೆಯನ್ನು ಓದುಗರಿಗೆ ಪರಿಚಯಿಸುವುದು ಉಚಿತವೆಂದು ನನಗೆ ತೋರುತ್ತದೆ.

ಹಿಂದಿನವರು ಬಾಗಿಲನ್ನು ಭದ್ರಪಡಿಸುತ್ತಿದ್ದ ರೀತಿ ಅತ್ಯಂತ ಸರಳವಾದುದು. ಹಗಲೆಲ್ಲ ಗೋಡೆಯ ಪೊಟರೆಯಲ್ಲಿ ಅಡಗಿರುವ ಮರದ ಅಗುಳಿಯನ್ನು ರಾತ್ರಿ ಹೊರಗೆಳೆದು, ಎರಡು ಕದಗಳಿಗೂ ಅಡ್ಡಲಾಗಿ ಹಾಯಿಸಿ, ಎದುರು ಗೋಡೆಯ ಕುಳಿಗೆ ಸೇರಿಸಿಬಿಟ್ಟರೆ ಹೊರಗಿನಿಂದ ಎಂತಹ ಬಲಶಾಲಿಯು ನೂಕಿದರೂ ಕದ ಅಲುಗುತ್ತಿರಲಿಲ್ಲ. ಏಕೆಂದರೆ ಅವನು ನೂಕುತ್ತಿದ್ದುದು ಕದವನ್ನಲ್ಲ, ಗೋಡೆಯನ್ನು. ಹೊರಗಡೆ ಸರಪಳಿ ಚಿಲಕ, ಮೇಲಿನ ಅಡ್ಡಪಟ್ಟಿಯಲ್ಲಿ ಅದಕ್ಕೊಂದು ಕೊಂಡಿ. ಮನೆಮಂದಿಯೆಲ್ಲ ಯಾತ್ರೆಗೋ ಮದುವೆಗೋ ಹೊರಟಾಗ ಮಾತ್ರ ಅಲ್ಲಿಗೊಂದು ಬೀಗ. ಅವಿಭಕ್ತ ಕುಟುಂಬದಲ್ಲಿ ಅಜ್ಜಿಯೋ ಬಾಣಂತಿಯೋ ಸದಾ ಯಾರಾದರೊಬ್ಬರು ಮನೆಯಲ್ಲಿರುತ್ತಿದ್ದ ಕಾರಣ ಈ ಏರ್ಪಾಡಿನಲ್ಲಿ ಯಾವ ಕೊರತೆಯೂ ಕಂಡುಬರಲಿಲ್ಲ.

ಈಗ ಅದೇ ಮನೆಯಲ್ಲಿ ವಯಸ್ಸಾದ ದಂಪತಿಗಳಿಬ್ಬರೋ, ಇಲ್ಲವೆ ಅವರಲ್ಲಿ ಉಳಿದ ಒಬ್ಬರೋ ವಾಸವಾಗಿರುತ್ತಾರೆ. ಮಕ್ಕಳು ಪರಸ್ಥಳದಲ್ಲಿ ಅಥವಾ ಪರದೇಶದಲ್ಲಿ. ಮಧ್ಯಾಹ್ನ ಆಸ್ಪತ್ರೆಗೆ ಹೊರಟರೆ ಹೊರಗೆ ಬೀಗ ಜಡಿಯಬೇಕು. ಹೊರಗೆ ತೂಗುವ ಬೀಗವಾದರೋ ಮನೆಯಲ್ಲಿ ಯಾರೂ ಇಲ್ಲವೆಂಬ ವರ್ತಮಾನವನ್ನು ಬೀದಿಗೆಲ್ಲ ಸಾರುತ್ತದೆ. ಕೊಂಡಿಯನ್ನು ಮೀಟಿ ಕಿತ್ತರೆ ಬೀಗ ಎಷ್ಟೇ ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲ. ಇನ್ನು ರಾತ್ರಿ ಒಳಗಿನಿಂದ ಹಾಕುವ ಅಗುಳಿಗಿರುವ ದೋಷ ಇದಕ್ಕಿಂತಲೂ ಗಂಭೀರವಾದುದು. ಒಂಟಿಯಾಗಿರುವ ಹಿರಿಯರು ಸ್ನಾನದ ಮನೆಯಲ್ಲಿ ಜಾರಿಬಿದ್ದರೆ, ಕೂಗು ಕೇಳಿ ಓಡಿಬಂದ ನೆರೆಯವರಿಗೆ ಬಾಗಿಲೊಡೆಯದೆ ಅನ್ಯ ಮಾರ್ಗವಿಲ್ಲ. ಬೀಗವು ಕಳ್ಳನನ್ನು ತಡೆಯುವಂತೆಯೇ ಆಪ್ತನನ್ನು ಒಳಗೆ ಬಿಡಬಲ್ಲದ್ದೂ ಆಗಿರಬೇಕೆಂಬ ಈ ಎರಡನೆಯ ಅಗತ್ಯವನ್ನು, ಹೊಸ ಬೀಗ ಕೊಳ್ಳುವವರು ಅನೇಕ ವೇಳೆ ಮರೆತೇಬಿಡುತ್ತಾರೆ.

ಈ ಎರಡು ಅಗತ್ಯಗಳನ್ನೂ ಪೂರೈಸಲು ಬಲ್ಲದ್ದು ಡೆಡ್‌ಬೋಲ್ಟ್ ಎಂಬ ಸಾಧನ. ಬಹುಮಂದಿ ಹಾಕಿಸಿಕೊಂಡಿರುವ ನೈಟ್ ಲ್ಯಾಚಿನಲ್ಲಿ ನಾಲಗೆಯ ಹಿಂದೆ ಸ್ಪ್ರಿಂಗು ಇರುತ್ತದೆ. ಕದವನ್ನು ಎಳೆದುಕೊಂಡರೆ ಅದು ತಾನಾಗಿಯೇ ಬೀಳುತ್ತದೆ. ಹಾಲಿಗೆಂದು ಹೊರಬಂದ ಗೃಹಿಣಿ ಗಾಳಿಗೆ ಮುಚ್ಚಿದ ಬಾಗಿಲ ಮುಂದೆ ಬರಿಗೈಯಲ್ಲಿ ನಿಲ್ಲಬೇಕಾಗುವುದು ಇದರಿಂದಲೇ. ತಾನಾಗಿ ಬೀಳುವ ಆ ಓರೆ ನಾಲಗೆಯನ್ನು ತೆಳುವಾದ ತಗಡಿನಿಂದ ಹಿಂದಕ್ಕೆ ತಳ್ಳಲೂಬಹುದು. ಡೆಡ್‌ಬೋಲ್ಟಿನಲ್ಲಿ ಸ್ಪ್ರಿಂಗಿನ ಪ್ರಸಕ್ತಿಯೇ ಇಲ್ಲ. ಚೌಕಾಕಾರದ ಗಟ್ಟಿ ಉಕ್ಕಿನ ಬೋಲ್ಟು, ಒಳ್ಳೆಯ ಮಾದರಿಯಾದರೆ ಒಂದು ಅಂಗುಲದಷ್ಟು, ಎಂದರೆ 25 ಮಿಲಿಮೀಟರು ಚೌಕಟ್ಟಿನೊಳಗೆ ಹೊಗುತ್ತದೆ. ಹೊರಗಿನಿಂದ ಬೀಗದಕೈಯಾಗಲಿ ಒಳಗಿನಿಂದ ತಿರುಗುಗುಬ್ಬಿಯಾಗಲಿ ಅದನ್ನು ಹಿಂದೆಗೆದಲ್ಲದೆ ಹೊರಬಾರದು. ಹಿರಿಯರ ಅಗುಳಿಯ ತತ್ತ್ವವೇ ಇಲ್ಲಿ ಕಿರಿದಾಗಿ ನೆಲೆಸಿದೆ ಎನ್ನಬಹುದು.

ಬೋಲ್ಟನ್ನು ಆಳುವ ಯಂತ್ರದ ಚರಿತ್ರೆ ಬಹಳ ಸ್ವಾರಸ್ಯಕರವಾದುದು. 1778ರಲ್ಲಿ ರಾಬರ್ಟ್ ಬ್ಯಾರನ್ ಎಂಬ ಆಂಗ್ಲೇಯನು, ಬೀಗದೊಳಗಿನ ಲಿವರುಗಳು ನಿಯತವಾದ ಎತ್ತರಕ್ಕೆ ಏರಿದಲ್ಲದೆ, ಅದಕ್ಕಿಂತ ಕೂದಲೆಳೆಯಷ್ಟು ಕಡಮೆಯಾದರೂ ಹೆಚ್ಚಾದರೂ ಬೋಲ್ಟು ಕದಲದಂತಹ ಯೋಜನೆಯೊಂದನ್ನು ಕಂಡುಹಿಡಿದನು. 1818ರಲ್ಲಿ ಜೆರೆಮಿಯಾ ಚಬ್ ಎಂಬಾತನು, ಯಾರಾದರೂ ಕಳ್ಳಗೀಲಿಯಿಂದ ಕೆಣಕಿದರೆ ಒಡೆಯನಿಗೆ ತಿಳಿಯುವಂತೆ ಸಿಕ್ಕಿಕೊಳ್ಳುವ ಲಿವರನ್ನು ಅದಕ್ಕೆ ಸೇರಿಸಿದನು. 1851ರ ಲಂಡನ್ ಮಹಾಪ್ರದರ್ಶನದ ಕಾಲಕ್ಕೆ ಅಮೆರಿಕದಿಂದ ಬಂದಿದ್ದ ಆಲ್ಫ್ರೆಡ್ ಹಾಬ್ಸ್, ಚಬ್‌ನ ಬೀಗವನ್ನು ಅರ್ಧ ಗಂಟೆಯೊಳಗೆ ತೆಗೆದು ತೋರಿಸಿದ್ದಲ್ಲದೆ, ಇನ್ನೂರು ಗಿನಿಗಳ ಪಂಥದೊಡನೆ ದಶಕಗಳ ಕಾಲ ಅಂಗಡಿಯ ಗಾಜಿನಲ್ಲಿ ಮೆರೆದಿದ್ದ ಬ್ರಾಮ ಎಂಬ ಬೀಗಗಾರನ ಬೀಗವನ್ನೂ ಹದಿನಾರು ದಿನಗಳ ಅವಧಿಯಲ್ಲಿ ಸುಮಾರು 51 ಗಂಟೆ ದುಡಿದು ಗೆದ್ದನು. ಇಂದು ನಾವು ಬಳಸುವ ಚಪ್ಪಟೆ ಬೀಗದಕೈಯ ಸಿಲಿಂಡರು 1860ರ ದಶಕದಲ್ಲಿ ಲೈನಸ್ ಯೇಲ್‌ನ ಕೈಯಿಂದ ಬಂದುದು. ಜೋಡಿ ಜೋಡಿಯಾಗಿ ನಿಂತ ಕಿರುಮೊಳೆಗಳೆಲ್ಲವನ್ನೂ ಬೀಗದಕೈಯ ಹಲ್ಲುಗಳು ಒಂದೇ ಮಟ್ಟಕ್ಕೆ ಎತ್ತಿದಾಗ ಮಾತ್ರ ಅದು ತಿರುಗುತ್ತದೆ. ನಮ್ಮ ದೇಶದಲ್ಲಿ ಅಲಿಗಢವೂ ದಿಂಡಿಗಲ್ಲೂ ಬೀಗಗಳಿಗೆ ಪ್ರಸಿದ್ಧವಾದ ಊರುಗಳು; ಕೈಕೆಲಸದ ದಿಂಡಿಗಲ್ ಬೀಗಕ್ಕೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಮುಂಬಯಿಯಲ್ಲಿ 1897ರಲ್ಲಿ ಆರ್ದೇಶಿರ್ ಗೋದ್ರೇಜರು ಆರಂಭಿಸಿದ ಬೀಗದ ಉದ್ಯಮದ ಹೆಸರನ್ನು ಅರಿಯದ ಮನೆ ನಮ್ಮಲ್ಲಿಲ್ಲ.

ಆದರೆ ಎಷ್ಟೇ ಉತ್ತಮವಾದ ಬೀಗವಾದರೂ ಅದನ್ನು ಹೊತ್ತ ಮರಕ್ಕಿಂತ ಬಲವಾಗಿರಲಾರದು. ಬಡಗಿಯ ಪ್ರಾಮುಖ್ಯ ಇಲ್ಲಿಂದಲೇ ಮೊದಲಾಗುತ್ತದೆ. ಬಸವನಗುಡಿಯ ಮನೆಯೊಂದರಲ್ಲಿ ಈ ಕೆಲಸ ನಡೆದಾಗ ನಾನು ಪಕ್ಕದಲ್ಲಿದ್ದು ನೋಡುವ ಅವಕಾಶ ಒದಗಿತ್ತು. ಬಂದ ಹಿರಿಯ ಬಡಗಿ ಹೊಸ ಬೀಗದ ಪೆಟ್ಟಿಗೆಯನ್ನು ತೆರೆಯಲೇ ಇಲ್ಲ. ಕದಗಳನ್ನು ಹತ್ತಾರು ಬಾರಿ ತೆಗೆದು ಮುಚ್ಚಿ, ಕೆಳಗಿನ ಅಂಚಿನಲ್ಲಿ ಬೆರಳಾಡಿಸಿ, ಮನೆಯಾಕೆಗೆ ಹೇಳಿದ: "ಅಮ್ಮಾವ್ರೇ, ಕದ ಜೋತುಬಿದ್ದಿದೆ. ಕೀಲು ಸರಿಮಾಡ್ದೆ ಬೀಗ ಹಾಕಿದ್ರೆ ಮಳೆಗಾಲಕ್ಕೆ ಮತ್ತೆ ನನ್ನೇ ಕರೀತೀರಿ." ಸಡಿಲವಾಗಿದ್ದ ತಿರುಪುಗಳನ್ನೆಲ್ಲ ಕಳಚಿ, ಹಳೆಯ ರಂಧ್ರಗಳಿಗೆ ತೇಗದ ಬೆಣೆಗಳನ್ನು ಅಂಟಿನೊಡನೆ ಬಡಿದು, ಅದು ಆರಿದ ಮೇಲೆ, ಎಂದರೆ ಮರುದಿನ, ಕೀಲುಗಳನ್ನು ಮತ್ತೆ ಕೂರಿಸಿದ ತರುವಾಯವೇ ಆತ ಬೀಗವನ್ನು ಕೈಗೆತ್ತಿಕೊಂಡದ್ದು.

ಜೋಡಿ ಕದಗಳ ಸಮಸ್ಯೆ ಬೇರೆಯೇ ಬಗೆಯದು. ಇಲ್ಲಿ ಬೋಲ್ಟು ಹೊಗುವುದು ಚೌಕಟ್ಟಿಗಲ್ಲ, ಇನ್ನೊಂದು ಕದಕ್ಕೆ. ಆ ಕದವೇ ಸಡಿಲವಾಗಿದ್ದರೆ ಎರಡನ್ನೂ ಒಟ್ಟಿಗೆ ನೂಕಿ ತೆರೆಯಬಹುದು. ಆದಕಾರಣ ಅಲುಗದೆ ನಿಲ್ಲಬೇಕಾದ ಆ ಕದಕ್ಕೆ ಮೇಲೊಂದು ಕೆಳಗೊಂದು ಟವರ್ ಬೋಲ್ಟುಗಳನ್ನು ಹಾಕಿ, ಮೇಲಿನದು ಅಡ್ಡಪಟ್ಟಿಯೊಳಕ್ಕೂ ಕೆಳಗಿನದು ಹೊಸ್ತಿಲಿನೊಳಕ್ಕೂ ಆಳವಾಗಿ ಇಳಿಯುವಂತೆ ಮಾಡತಕ್ಕದ್ದು. ಅಲ್ಲದೆ ಹಳೆಯ ಹಲಗೆ ಬಾಗಿಲುಗಳ ಅಂಚಿನ ಪಟ್ಟಿ ಬಹುಮಟ್ಟಿಗೆ ಕಿರಿದಾದುದು. ಕದದ ಹೊಟ್ಟೆಯೊಳಗೆ ಕೂರುವ ಮಾರ್ಟಿಸ್ ಬೀಗಕ್ಕಾಗಿ ಅಲ್ಲಿ ಗೂಡು ತೋಡಿದರೆ ಕದದ ಅಡ್ಡಪಟ್ಟಿ ಬಂದು ಕೂಡುವ ಜೋಡಣೆಯೇ ಕತ್ತರಿಸಿಹೋಗುತ್ತದೆ. ಎಷ್ಟೋ ಸೊಗಸಾದ ಬಾಗಿಲುಗಳು ಹೀಗೆ, ಯಂತ್ರವೊಂದನ್ನು ಹಿಡಿದು ಅರ್ಧ ಗಂಟೆಯಲ್ಲಿ ಕೆಲಸ ಮುಗಿಸುವವರ ಕೈಯಲ್ಲಿ ಸೀಳಿಹೋದುದನ್ನು ಕಂಡು ನನಗೆ ನಿಜವಾಗಿಯೂ ವ್ಯಥೆಯಾಗಿದೆ. ಅಂತಹ ಕಡೆ ಒಳಮುಖಕ್ಕೆ ತಿರುಪು ಹಾಕಿ ಕೂರಿಸುವ ಬೀಗವೇ ಲೇಸು. ಅದಕ್ಕಾಗಿ ಕದದಲ್ಲಿ ಕೊರೆಯಬೇಕಾದುದು ಸಿಲಿಂಡರು ಹಾಯುವ ಒಂದು ರಂಧ್ರವನ್ನು ಮಾತ್ರ. ಬೀಗವು ಬಾಗಿಲಿಗೆ ಹೊಂದಬೇಕೇ ಹೊರತು ಬಾಗಿಲನ್ನು ಬೀಗಕ್ಕಾಗಿ ಕಡಿಯಬಾರದು. ಅಂಗಡಿಯಲ್ಲಿ ಪೆಟ್ಟಿಗೆಯ ಮೇಲಿನ ಚಿತ್ರವನ್ನು ನೋಡಿ ಬೀಗ ಕೊಳ್ಳುವುದಕ್ಕೆ ಮೊದಲು ಬಡಗಿಯನ್ನು ಕರೆದು ಪಟ್ಟಿಯ ಅಗಲವನ್ನೂ ಕದದ ದಪ್ಪವನ್ನೂ ಅಳೆಯಿಸುವುದು ಈ ಕಾರಣದಿಂದ ಅವಶ್ಯಕ.

ಬಸವನಗುಡಿಯ ಆ ಹಿರಿಯ ಬಡಗಿ ಬೈರಿಗೆಯನ್ನು ಒಂದೇ ಕಡೆಯಿಂದ ಕೊನೆಯವರೆಗೆ ಓಡಿಸಲಿಲ್ಲ. ತುದಿ ಆಚೆ ಇಣುಕಿದೊಡನೆ ನಿಲ್ಲಿಸಿ, ಹೊರಮುಖದಿಂದ ಬಂದು ಉಳಿದುದನ್ನು ಕೊರೆದುದರಿಂದ ಹೊರಮೈಯ ಮರ ಎಲ್ಲಿಯೂ ಸಿಬಿರೆದ್ದು ಬರಲಿಲ್ಲ. ಬೋಲ್ಟು ಎದುರು ಕದವನ್ನು ಮುಟ್ಟುವ ಸ್ಥಳವನ್ನು ಗುರುತಿಸಲು ಆತ ಕಂಡುಕೊಂಡಿದ್ದ ಉಪಾಯ ನನ್ನ ಮನಸ್ಸಿಗೆ ಬಹಳ ಹಿಡಿಸಿತು. ದೇವರ ಮನೆಯಿಂದ ಚಿಟಿಕೆ ಕುಂಕುಮವನ್ನು ತರಿಸಿ, ಎಣ್ಣೆಯಲ್ಲಿ ಕಲಸಿ, ಬೋಲ್ಟಿನ ಮೂತಿಗೆ ಸವರಿ, ಕದ ಮುಚ್ಚಿ ಬೀಗದಕೈಯನ್ನು ತಿರುವಿದ. ತೆರೆದು ನೋಡಿದಾಗ ಎದುರಿನ ಮರದ ಮೇಲೆ ಚೌಕಾಕಾರದ ಕೆಂಪು ಗುರುತು ನಿಚ್ಚಳವಾಗಿ ಮೂಡಿತ್ತು. ಉಳಿ ಕೊಡತಿಗಳಿಂದ ಅಷ್ಟನ್ನೇ ತೋಡಿ, ಮಳೆಗಾಲದಲ್ಲಿ ಮರ ಹಿಗ್ಗುವುದಕ್ಕಾಗಿ ಮೇಲೂ ಕೆಳಗೂ ತುಸು ಅವಕಾಶವಿಟ್ಟು, ದಪ್ಪ ತಗಡನ್ನು ಉದ್ದನೆಯ ತಿರುಪುಗಳಿಂದ ಬಿಗಿದ. ಹಳೆಯ ತೇಗದಲ್ಲಿ ತಿರುಪು ಮುರಿಯದಂತೆ ಮೊದಲು ಸಣ್ಣ ರಂಧ್ರ ಕೊರೆದು, ತಿರುಪಿಗೆ ಸಾಬೂನು ತಿಕ್ಕಿಕೊಳ್ಳುವುದು ಆತನ ವಾಡಿಕೆ. ಸಾಮಾನ್ಯವಾಗಿ ಬೀಗದ ಪೆಟ್ಟಿಗೆಯಲ್ಲಿ ಬರುವ ಗಿಡ್ಡ ತಿರುಪುಗಳು ತಗಡನ್ನು ಹಿಡಿದು ನಿಲ್ಲಿಸಲು ಸಾಕೇ ವಿನಾ ಒದೆತವನ್ನು ತಡೆಯಲು ಸಾಲವು.

ಸಿಲಿಂಡರಿನೊಳಕ್ಕೆ ಅಡುಗೆಯೆಣ್ಣೆಯನ್ನು ಬಿಡುವ ಅಭ್ಯಾಸ ನಮ್ಮ ಮನೆಗಳಲ್ಲುಂಟು. ಅದು ಧೂಳನ್ನು ಹಿಡಿದು ಅಂಟಾಗಿ ಮೊಳೆಗಳನ್ನು ಬಂಧಿಸಿಬಿಡುತ್ತದೆ. ಗ್ರಾಫೈಟ್ ಪುಡಿಯನ್ನು ಊದಿದರೆ ಸಾಕು. ಒಳಗಿನಿಂದಲೂ ಬೀಗದಕೈಯಿಂದಲೇ ತೆರೆಯಬೇಕಾದ ಬೀಗಗಳು ಪೇಟೆಯಲ್ಲಿ ದೊರೆಯುತ್ತವೆಯಾದರೂ, ಬೆಂಕಿ ಬಿದ್ದ ರಾತ್ರಿ ಬೀಗದಕೈಯನ್ನು ಹುಡುಕುವ ಗತಿ ಯಾರಿಗೂ ಬರಬಾರದು. ವೃದ್ಧರಿರುವ ಮನೆಯಲ್ಲಂತೂ ಒಳಗಡೆ ತಿರುಗುಗುಬ್ಬಿಯೇ ಇರತಕ್ಕದ್ದು. ಹಾಗೆಯೇ, ಹೊಸ ಬೀಗ ಬಂದಮೇಲೂ ಹಳೆಯ ಅಭ್ಯಾಸದಿಂದ ರಾತ್ರಿ ಅಗುಳಿಯನ್ನೂ ಎಳೆದುಬಿಟ್ಟರೆ ಹೊರಗಿನ ಬೀಗದಕೈ ನಿರರ್ಥಕವಾಗುತ್ತದೆ. ಆ ಬಸವನಗುಡಿಯ ಮನೆಯಾಕೆ ಮೂರು ಬೀಗದಕೈಗಳಲ್ಲಿ ಒಂದನ್ನು ತಾವಿಟ್ಟುಕೊಂಡು, ಒಂದನ್ನು ಮಗಳಿಗೆ ಕಳುಹಿಸಿ, ಮೂರನೆಯದನ್ನು ಎದುರು ಮನೆಯವರ ಕೈಗೆ ಕೊಟ್ಟರು. ಅವರು ಅದನ್ನು ಆಗಲೇ ಒಮ್ಮೆ ಹಾಕಿ ತೆರೆದು ನೋಡಿ, ಬಾಗಿಲನ್ನು ತುಸು ತಮ್ಮ ಕಡೆಗೆ ಎಳೆದುಕೊಂಡರೆ ಬೀಗ ಸಲೀಸಾಗಿ ತಿರುಗುವುದೆಂಬುದನ್ನು ಬಡಗಿಯಿಂದ ಕಲಿತುಕೊಂಡರು.