ಪ್ರಸಾದವೂ ಪಥ್ಯವೂ: ಸಕ್ಕರೆ ಕಾಯಿಲೆಯುಳ್ಳ ಭಕ್ತರ ದಿನನಿತ್ಯದ ಊಟ



ಕಳೆದ ಶ್ರಾವಣದ ಒಂದು ಸೋಮವಾರ ಪೂಜೆ ನಡೆಯುತ್ತಿರುವಾಗಲೇ ಕುಷ್ಟಗಿ ಕಡೆಯ ಹಿರಿಯ ಭಕ್ತರೊಬ್ಬರು ಮೈಯೆಲ್ಲ ಬೆವೆತು, ಕೈ ನಡುಗಿ, ಕುಳಿತಲ್ಲಿಯೇ ವಾಲಿದರು. ಎಚ್ಚರ ತಪ್ಪಿರಲಿಲ್ಲ. ಸಕ್ಕರೆ ಬೆರೆಸಿದ ನೀರು ಕುಡಿಸಿದ ಸ್ವಲ್ಪ ಹೊತ್ತಿನಲ್ಲಿ ಚೇತರಿಸಿಕೊಂಡರು. ವಿಚಾರಿಸಿದಾಗ, “ಮುಂಜಾನೆ ಗುಳಿಗಿ ತಗೊಂಡೀನ್ರಿ, ಪೂಜಿ ಆಗದ ಹೆಂಗ ಉಣ್ಣೂದ್ರಿ?” ಎಂದರು. ಆ ಮಾತು ಕೇಳಿದ ಮೇಲೆ ಈ ವಿಷಯವನ್ನು ಬರೆಯಲೇಬೇಕೆಂದು ನಮಗೆ ಅನ್ನಿಸಿತು. ನಾವು ವೈದ್ಯರಲ್ಲ. ವೈದ್ಯರಿಂದ ಕೇಳಿ ತಿಳಿದುದನ್ನು ಮತ್ತು ದಾಸೋಹದ ಪಂಕ್ತಿಯಲ್ಲಿ ಕಂಡುದನ್ನು ನಿವೇದಿಸುತ್ತಿದ್ದೇವೆ.

ಎರಡನೆಯ ವಿಧದ ಮಧುಮೇಹದಲ್ಲಿ ದೇಹವು ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಕಾಲಕ್ರಮೇಣ ಇನ್ಸುಲಿನ್ ಸಹ ಸಾಲದಾಗುತ್ತದೆ. ಆದ್ದರಿಂದ ಉಂಡ ಆಹಾರದ ಸಕ್ಕರೆ ರಕ್ತದಲ್ಲಿಯೇ ಉಳಿಯುತ್ತದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಹತ್ತು ಕೋಟಿಗೂ ಅಧಿಕ. ಇದು ಪಟ್ಟಣಿಗರ, ಸಿರಿವಂತರ ಕಾಯಿಲೆಯೆಂಬ ಮಾತು ಈಗ ಸಲ್ಲದು. “ನಾವು ಸಿಹಿ ಮುಟ್ಟುವುದಿಲ್ಲ, ಆದರೂ ಶುಗರ್ ಇಳಿಯುತ್ತಿಲ್ಲ” ಎಂದು ಅನೇಕ ಭಕ್ತರು ನಮ್ಮಲ್ಲಿ ಹೇಳಿಕೊಳ್ಳುತ್ತಾರೆ. ಅನ್ನ, ರೊಟ್ಟಿ, ಮಂಡಕ್ಕಿ ಯಾವುದೇ ಆಗಲಿ, ಅದರ ಪಿಷ್ಟವು ಹೊಟ್ಟೆ ಸೇರಿದ ಮೇಲೆ ಸಕ್ಕರೆಯೇ ಆಗುತ್ತದೆ ಎಂಬುದನ್ನು ಅವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ.

ನಮ್ಮ ಜಿಲ್ಲೆಯ ತಾಟು ಎರಡು ತಲೆಮಾರುಗಳಲ್ಲಿ ಬದಲಾದ ಬಗೆಯನ್ನು ಇಲ್ಲಿ ನೆನೆಯಬೇಕು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ಬಳಿಕ ಗಂಗಾವತಿ ಸೀಮೆ ಭತ್ತದ ಕಣಜವಾಯಿತು. ಯಲಬುರ್ಗಾ, ಕುಷ್ಟಗಿಗಳ ಬಹುಭಾಗ ಮಳೆಯನ್ನೇ ನಂಬಿದ ಜೋಳ, ಸಜ್ಜೆ, ಹೆಸರು, ಕಡಲೆಯ ನೆಲವಾಗಿ ಉಳಿಯಿತು. ಆದರೂ ಪಡಿತರದ ಅಕ್ಕಿ ಆ ಮನೆಗಳಿಗೂ ಬಂದಿದೆ. ಹಸಿವು ನೀಗಿಸಿದ ಅಕ್ಕಿಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಎರಡು ರೊಟ್ಟಿ, ಕಾಳುಪಲ್ಯ, ಕೊನೆಗೆ ಒಂದು ಹಿಡಿ ಅನ್ನ ಎಂಬ ಕ್ರಮವು ತಲೆಕೆಳಗಾಗಿ, ತಾಟಿನ ತುಂಬ ಅನ್ನ, ಅದರ ಮೇಲೆ ತಿಳಿಸಾರು ಎಂದಾಗಿರುವುದೇ ಚಿಂತೆಯ ಸಂಗತಿ.

ಹಾಗೆಂದು ರೊಟ್ಟಿಯನ್ನೇ ಔಷಧವೆಂದು ಬಗೆಯುವುದೂ ತಪ್ಪು. ಈ ತಪ್ಪು ಈಚೆಗೆ ಬಹಳವಾಗಿದೆ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇದ್ದರೆ ಪಾಲಿಶ್ ಅಕ್ಕಿಯಲ್ಲಿ ಸುಮಾರು 3 ಗ್ರಾಂ. ನಾರು ಹೆಚ್ಚಿದ್ದರೆ ಸಕ್ಕರೆ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಜೋಳದ ಹೆಚ್ಚುಗಾರಿಕೆ ಇಷ್ಟೇ. ಪಿಷ್ಟವು ಜೋಳ, ಸಜ್ಜೆ, ನವಣೆ ಎಲ್ಲದರಲ್ಲೂ ಹೇರಳವಾಗಿದೆ. ಶುಗರಿಗೆ ಒಳ್ಳೆಯದೆಂದು ನಾಲ್ಕು ರೊಟ್ಟಿ ಉಂಡವರಿಗೆ ಅನ್ನ ಬಿಟ್ಟ ಫಲ ಸಿಗದು. ವೈದ್ಯರು ಹೇಳುವ ಅಳತೆ ಸುಲಭ: ತಾಟಿನ ಅರ್ಧ ಭಾಗ ಸೊಪ್ಪು, ತರಕಾರಿ, ಕಾಲು ಭಾಗ ಕಾಳು, ಬೇಳೆ, ಉಳಿದ ಕಾಲು ಭಾಗದಲ್ಲಿ ರೊಟ್ಟಿ ಇಲ್ಲವೆ ಅನ್ನ. ಪುಂಡಿಪಲ್ಯ, ಮೆಂತ್ಯ, ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಮಡಿಕೆಕಾಳು, ಹೆಸರುಕಾಳು, ಅಗಸಿ ಚಟ್ನಿ, ಸಕ್ಕರೆ ಹಾಕದ ಮಜ್ಜಿಗೆ ಇವಾವುವೂ ನಮಗೆ ಹೊಸತಲ್ಲ, ದುಬಾರಿಯೂ ಅಲ್ಲ. ಮೊದಲು ಪಲ್ಯ ಮತ್ತು ಕಾಳು ತಿಂದು ಆಮೇಲೆ ಅನ್ನಕ್ಕೆ ಕೈ ಹಾಕಿದರೆ ಊಟದ ನಂತರದ ಏರಿಕೆ ತಗ್ಗುತ್ತದೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆಯುವುದೂ ಹಿತಕರ.

ಮುಂಜಾನೆಯ ಒಗ್ಗರಣೆ, ಮಿರ್ಚಿಯ ಬಗ್ಗೆ ಹೇಳಿದರೆ ಬಹಳ ಜನ ಬೇಸರಿಸಿಕೊಂಡಾರು. ಮಂಡಕ್ಕಿ ಹಗುರವೆಂದು ತೋರಿದರೂ ಬೇಗನೆ ಸಕ್ಕರೆಯಾಗುವ ಆಹಾರಗಳಲ್ಲೊಂದು. ವಾರಕ್ಕೊಮ್ಮೆ ತಿನ್ನುವವರು ಅದರಲ್ಲಿ ಪುಟಾಣಿ, ಶೇಂಗಾ, ಉಳ್ಳಾಗಡ್ಡಿ ಹೆಚ್ಚಿಸಿ, ಜೊತೆಗಿನ ಸಕ್ಕರೆ ಚಹಾವನ್ನಾದರೂ ಬಿಡಲಿ.

ಈಗ ಪ್ರಸಾದದ ಮಾತು. ಕೊಪ್ಪಳದ ಶ್ರೀ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಹಳ್ಳಿಹಳ್ಳಿಯ ತಾಯಂದಿರು ರೊಟ್ಟಿ ಬಡಿದು ಕಳುಹಿಸುತ್ತಾರೆ. ಮಾದಲಿಯಿಲ್ಲದ ಜಾತ್ರೆ ನಮ್ಮವರಿಗೆ ಜಾತ್ರೆಯೇ ಅಲ್ಲ. ಮಾದಲಿಗೆ ಸೇರುವುದು ಬೆಲ್ಲ, ಸಕ್ಕರೆಯಲ್ಲ ಎಂದು ಸಮಾಧಾನಪಡುವವರು ಉಂಟು. ರಕ್ತದ ಪಾಲಿಗೆ ಬೆಲ್ಲಕ್ಕೂ ಸಕ್ಕರೆಗೂ ಹೆಚ್ಚಿನ ಭೇದವಿಲ್ಲ. ಪ್ರಸಾದವನ್ನು ನಿರಾಕರಿಸಬಾರದು, ತಾಟಿನಲ್ಲಿ ಬಿಡಲೂಬಾರದು ಎಂಬ ನಂಬಿಕೆಯಿಂದ ಬಡಿಸಿದಷ್ಟನ್ನೂ ಉಂಡು ಸಂಕಟಪಡುವವರನ್ನು ನಾವು ಕಂಡಿದ್ದೇವೆ. ಚಿಟಿಕೆಯಷ್ಟು ಪಡೆದರೂ ಅದು ಪ್ರಸಾದವೇ. ಬಡಿಸುವ ಮುನ್ನವೇ “ಸ್ವಲ್ಪ ಸಾಕು” ಎನ್ನುವುದು ಅವಿನಯವಲ್ಲ. ಒತ್ತಾಯಮಾಡಿ ಬಡಿಸುವ ನಮ್ಮ ರೂಢಿಯೇ ಬದಲಾಗಬೇಕಾದುದು.

ಆರಂಭದಲ್ಲಿ ಹೇಳಿದ ಹಿರಿಯರ ತೊಂದರೆ ಇದಕ್ಕಿಂತ ಗಂಭೀರವಾದುದು. ಅವರ ಸಕ್ಕರೆ ಏರಿರಲಿಲ್ಲ, ಇಳಿದಿತ್ತು. ಇಷ್ಟಲಿಂಗ ಪೂಜೆಯಾಗದೆ ಏನನ್ನೂ ಸೇವಿಸದವರು, ಶ್ರಾವಣ ಸೋಮವಾರ ಒಪ್ಪತ್ತು ಮಾಡುವವರು, ಶಿವರಾತ್ರಿಯ ಉಪವಾಸವಿರುವವರು, ಪಾದಯಾತ್ರೆ ಹೊರಡುವವರು ಗಮನಿಸಬೇಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಗುಳಿಗೆ ತೆಗೆದುಕೊಂಡು ಊಟ ತಡವಾದರೆ ಸಕ್ಕರೆ 70ಕ್ಕಿಂತ ಕೆಳಗಿಳಿದು ಅಪಾಯವಾಗಬಹುದು. ಬೆವರು, ನಡುಕ, ಎದೆಬಡಿತ, ಮಂಕು ಇದರ ಲಕ್ಷಣಗಳು. ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕುಡಿಸಬೇಕು. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಗುಳಿಗೆಯನ್ನು ಸ್ವಂತ ನಿರ್ಧಾರದಿಂದ ಬಿಡಲೂಬಾರದು. ವ್ರತಕ್ಕೆ ಮುಂಚೆಯೇ ವೈದ್ಯರ ಬಳಿ ಹೋಗಿ, “ನಮ್ಮ ಪೂಜೆ ಇಷ್ಟು ಗಂಟೆಗೆ, ಊಟ ಇಷ್ಟು ಗಂಟೆಗೆ” ಎಂದು ಹೇಳಿದರೆ ಅವರು ಗುಳಿಗೆಯ ಹೊತ್ತು, ಪ್ರಮಾಣಗಳನ್ನು ಹೊಂದಿಸಿಕೊಡುತ್ತಾರೆ. ಕೆಲವರಿಗೆ ಉಪವಾಸವೇ ಬೇಡವೆನ್ನಬಹುದು, ಅದನ್ನು ಪಾಲಿಸಬೇಕು. ಪೂಜೆಯನ್ನು ಬೆಳಗಿನ ಜಾವಕ್ಕೆ ತಂದುಕೊಳ್ಳುವುದು ಎಲ್ಲರಿಗೂ ಸಾಧ್ಯವಿರುವ ದಾರಿ. ಆ ಹಿರಿಯರು ಈಗ ಹಾಗೆಯೇ ಮಾಡುತ್ತಿದ್ದಾರೆ.

ಜಿಲ್ಲಾಸ್ಪತ್ರೆ ಮತ್ತು ತಾಲೂಕು ಆಸ್ಪತ್ರೆಗಳ ಎನ್‌ಸಿಡಿ ವಿಭಾಗದಲ್ಲಿ ರಕ್ತದ ಸಕ್ಕರೆ ಪರೀಕ್ಷೆ ಉಚಿತ. ಮೂವತ್ತು ದಾಟಿದವರೆಲ್ಲರೂ ಒಮ್ಮೆ ಮಾಡಿಸಿಕೊಳ್ಳಲಿ. ಬರುವ ಶ್ರಾವಣದಿಂದ ನಮ್ಮ ದಾಸೋಹದಲ್ಲಿ ಮಾದಲಿಯನ್ನು ಕೇಳಿ ಬಡಿಸಲಾಗುವುದು. ಅನ್ನಕ್ಕೆ ಮುಂಚೆ ಕಾಳುಪಲ್ಯ ಬರುವುದು. ಸೇವೆಗೆ ನಿಲ್ಲುವ ತರುಣರು ಇದನ್ನು ನೆನಪಿಟ್ಟುಕೊಳ್ಳಬೇಕಾಗಿ ವಿನಂತಿ.