ಪಾಟಾದ ಬುಶ್ ತೆಗೆಯುವ ಬಗೆ

ಅಕ್ಕಲಕೋಟೆ, ಜತ್ತ ಭಾಗದ ಹಳ್ಳಿಗಳಲ್ಲಿ ಸಂತೆಗೆ ಉಳ್ಳಾಗಡ್ಡಿ, ಜಾತ್ರೆಗೆ ಮಂದಿ, ಎರಡನ್ನೂ ಹೊರುವುದು ಒಂದೇ ಹಳೆಯ ಜೀಪು ಅಥವಾ ಪಿಕಪ್ ಗಾಡಿ. ಆ ಭಾರವೆಲ್ಲ ಕೂರುವುದು ಪಾಟಾಗಳ ಮೇಲೆ. ಮರಾಠಿಯಲ್ಲಿ ಕೇಳಿದರೂ ಕನ್ನಡದಲ್ಲಿ ಕೇಳಿದರೂ ಗ್ಯಾರೇಜಿನವನಿಗೆ ಪಾಟಾ ಎಂದರೆ ಪಾಟಾ.

ಮೇಲಿನ ದೊಡ್ಡ ಪಾಟಾದ ಎರಡೂ ತುದಿ ಸುರುಳಿಯಾಗಿ ಕಣ್ಣಿನಂತಿರುತ್ತದೆ. ಅದರೊಳಗೆ ಬುಶ್ ಇರುತ್ತದೆ. ಜೀಪಿನಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಒಳಗೊಂದು ಉಕ್ಕಿನ ಕೊಳವೆ, ನಡುವೆ ರಬ್ಬರು, ಹಲವಕ್ಕೆ ಹೊರಗೂ ತೆಳು ಉಕ್ಕಿನ ಕವಚ. ಗುಂಡಿಗೆ ಬಿದ್ದಾಗ ಕಟಕಟ ಸದ್ದು ಬಂದರೆ, ಕಣ್ಣಿನ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ, ಹಾರೆಯಿಂದ ಮೀಟಿದಾಗ ಕಣ್ಣು ಸಡಿಲವಾಗಿ ಅಲುಗಾಡಿದರೆ ಬುಶ್ ಸವೆದಿದೆ ಎಂದು ತಿಳಿಯಿರಿ.

ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಉಳಿದ ಗಾಲಿಗಳಿಗೆ ಅಡ್ಡ ಕೊಡಿರಿ. ಜಾಕ್ ಎತ್ತಲಿಕ್ಕೆ ಮಾತ್ರ, ಹೊತ್ತು ನಿಲ್ಲಲಿಕ್ಕಲ್ಲ. ಚಾಸಿಯ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಲ್ಲವೆ ಅಗಲವಾದ ಮರದ ದಿಮ್ಮಿ ಇಡಿರಿ. ಇಟ್ಟಿಗೆ ಬೇಡ, ಒಡೆಯುತ್ತದೆ. ಆಕ್ಸಲ್ ಕೆಳಗೆ ಇನ್ನೊಂದು ಜಾಕ್ ಕೊಟ್ಟು, ಪಾಟಾ ಎಳೆಯದಂತೆ, ಒತ್ತದಂತೆ ಹೊಂದಿಸಿದರೆ ಬೋಲ್ಟು ಸಲೀಸಾಗಿ ಬರುತ್ತದೆ. ತುಕ್ಕು ಹಿಡಿದ ಬೋಲ್ಟಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿರಬೇಕು.

ಮುಖ್ಯ ಮಾತು ಈಗ ಬರುತ್ತದೆ. ಬುಶ್ ಜಪ್ಪಯ್ಯ ಅನ್ನದಿದ್ದಾಗ ಹಲವರು ಗ್ಯಾಸ್ ಬೆಂಕಿ ಹಿಡಿದು ಸುಟ್ಟು ತೆಗೆಯುತ್ತಾರೆ. ಐದು ನಿಮಿಷದ ಕೆಲಸ ನಿಜ. ಆದರೆ ನಮ್ಮ ಕಂಬಾರರು ಕುಡಗೋಲಿಗೆ ನೀರು ಕುಡಿಸಿ ಹದ ಕೊಡುವಂತೆ ಪಾಟಾದ ಉಕ್ಕಿಗೂ ಕಾರ್ಖಾನೆಯಲ್ಲಿ ಹದ ಕೊಟ್ಟಿರುತ್ತಾರೆ. ಕೆಂಪಗೆ ಕಾಯಿಸಿದರೆ ಆ ಹದ ಹೋಗುತ್ತದೆ. ಹೊರಗಿನಿಂದ ಏನೂ ಕಾಣಿಸದು. ಮುಂದೆ ಯಾವಾಗಲೋ ಭಾರದಲ್ಲಿ ಕಣ್ಣು ಬಿಚ್ಚಿಕೊಳ್ಳಬಹುದು, ಮುರಿಯಲೂಬಹುದು. ಆಕ್ಸಲನ್ನು ಅದರ ಜಾಗದಲ್ಲಿ ಹಿಡಿದಿರುವುದೇ ಆ ಪಾಟಾ! ರಬ್ಬರಿನ ಹೊಗೆ ವಿಷವೆಂಬುದು ಬೇರೆ.

ಬದಲಿಗೆ ಉದ್ದನೆಯ ಗಟ್ಟಿ ಬೋಲ್ಟೊಂದನ್ನು ಕಣ್ಣಿನೊಳಗೆ ತೂರಿಸಿ. ಒಂದು ಬದಿಗೆ ಬುಶ್‌ಗಿಂತ ಕೊಂಚ ಸಣ್ಣ ಸಾಕೆಟ್, ಇನ್ನೊಂದು ಬದಿಗೆ ಬುಶ್ ಒಳಗೆ ಇಳಿಯುವಷ್ಟು ದೊಡ್ಡ ಪೈಪಿನ ತುಂಡು ಇಟ್ಟು ನಟ್ಟು ಬಿಗಿಯುತ್ತ ಹೋಗಿರಿ. ಬುಶ್ ಸರಿದು ಪೈಪಿಗೆ ಬರುತ್ತದೆ. ಅದಕ್ಕೂ ಬಗ್ಗದಿದ್ದರೆ ರಬ್ಬರನ್ನು ಡ್ರಿಲ್‌ನಿಂದ ತೂತು ಮಾಡಿ ಒಳಕೊಳವೆ ಕಿತ್ತು, ಹ್ಯಾಕ್ಸಾ ಬ್ಲೇಡನ್ನು ಒಳಗೆ ಹಾಕಿ ಹೊರಕವಚವನ್ನು ಉದ್ದಕ್ಕೆ ಕೊಯ್ಯಿರಿ. ಪಾಟಾಕ್ಕೆ ಗೀರು ಬೀಳಬಾರದು. ಗೀರಿನಿಂದಲೇ ಬಿರುಕು ಹುಟ್ಟುತ್ತದೆ. ಕೊನೆಯ ಎಳೆ ಉಳಿದಾಗ ನಿಲ್ಲಿಸಿ, ಉಳಿಯಿಂದ ಒಳಕ್ಕೆ ಮಡಚಿದರೆ ಕಳಚುತ್ತದೆ. ಕಣ್ಣಿಗೆ ಕನ್ನಡಕ ಇರಲಿ.

ಬ್ಯಾಂಕಿನಲ್ಲಿ ನಾನು ನೋಡಿದ ವಾಹನ ಸಾಲದ ಅರ್ಜಿಗಳಲ್ಲಿ ಕಂತಿನ ಲೆಕ್ಕ ಇರುತ್ತಿತ್ತು, ಬುಶ್ಶಿನ ಲೆಕ್ಕ ಇರುತ್ತಿರಲಿಲ್ಲ. ಪಾಟಾದ ಮುಂದೆ ಅದು ಅಗ್ಗದ ಸಾಮಾನು.

ಹೊಸ ರಬ್ಬರ್ ಬುಶ್ಶಿಗೆ ಗ್ರೀಸ್ ಹಚ್ಚಬೇಡಿರಿ, ರಬ್ಬರು ಉಬ್ಬಿ ಕೆಡುತ್ತದೆ. ಸಾಬೂನು ನೀರು ಸಾಕು. ಗ್ರೀಸ್ ಬೇಕಾದದ್ದು ಲಾರಿಗಳ ಕಂಚಿನ ಬುಶ್ಶಿಗೆ. ಬೋಲ್ಟುಗಳನ್ನು ಪೂರ್ತಿ ಬಿಗಿಯುವುದು ಗಾಡಿ ಗಾಲಿಗಳ ಮೇಲೆ ನಿಂತ ಬಳಿಕವೇ. ಎತ್ತಿದಾಗಲೇ ಬಿಗಿದರೆ ಇಳಿಸಿದೊಡನೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಪಾನಾ ಹಾಕಿ ನೋಡಿರಿ.